ಕಡಲಾಚೆಯ ಹಿಂದೂಗಳೂ ನಮ್ಮ ಅಳತೆಗೋಲೂ



ಕಡಲು ದಾಟಿದ ಹಿಂದೂಧರ್ಮವು ಕೆಟ್ಟುಹೋದ ಧರ್ಮವೆಂದೂ, ಅದನ್ನು ನಾವು ತಿದ್ದಬೇಕೆಂದೂ ಹೇಳುವ ಪಂಡಿತರು ನಮ್ಮಲ್ಲಿ ಇನ್ನೂ ಇದ್ದಾರೆ. ಈ ಮಾತಿನಲ್ಲಿ ವಿನಯವೂ ಇಲ್ಲ, ಇತಿಹಾಸದ ಅರಿವೂ ಇಲ್ಲ.

ಬಾಲಿ ದ್ವೀಪವನ್ನು ನೋಡಿರಿ. ಅಲ್ಲಿ ನೂರಕ್ಕೆ 80ಕ್ಕೂ ಮಿಕ್ಕ ಜನ ಹಿಂದೂಗಳು. ನಮ್ಮ ಪಂಚಾಂಗದ ಶಕವರ್ಷವನ್ನೇ ಅವರೂ ಎಣಿಸುತ್ತಾರೆ. ಆದರೆ ಹೊಸ ವರ್ಷದಂದು ನಾವು ಬೇವು-ಬೆಲ್ಲ ಹಂಚಿದರೆ, ಅವರು ‘ನ್ಯೆಪಿ’ ಎಂಬ ಮೌನವ್ರತವನ್ನು ಹಿಡಿದು, ದೀಪವನ್ನೂ ಬೆಳಗಿಸದೆ ಮನೆಯೊಳಗಿರುತ್ತಾರೆ. ಅಂದು ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ಅವರ ದೇಗುಲಗಳಲ್ಲಿ ‘ಪದ್ಮಾಸನ’ವೆಂಬ ಎತ್ತರದ ಶಿಲಾಪೀಠವುಂಟು, ಬರಿದಾದ ಆ ಪೀಠವೇ ಪರಮಾತ್ಮನ ಆಸನ. ಪುರೋಹಿತನು ಶಿವನನ್ನು ತನ್ನಲ್ಲಿಯೇ ಆವಾಹಿಸಿಕೊಂಡು ತೀರ್ಥವನ್ನು ಸಿದ್ಧಗೊಳಿಸುತ್ತಾನೆ. ನೈವೇದ್ಯದಲ್ಲಿ ಹಂದಿಯ ಮಾಂಸವೂ ಇರುತ್ತದೆ. ಇದನ್ನು ಓದಿ ನಿಮ್ಮಲ್ಲಿ ಅನೇಕರು ಮುಖ ತಿರುಗಿಸಿಯಾರು. ನಮ್ಮ ಆಹಾರನಿಯಮ ನಮಗೆ ಪವಿತ್ರವೇ ಸರಿ. ಆದರೆ ಅದನ್ನು ಮುಂದಿಟ್ಟು ಅವರನ್ನು ಹೊರಗಟ್ಟುವ ಅಧಿಕಾರವನ್ನು ನಮಗೆ ಕೊಟ್ಟವರಾರು?

ಇಂತಹ ಅಳತೆಗೋಲಿನ ಪೆಟ್ಟನ್ನು ಆ ಜನ ಹಿಂದೆಯೇ ಉಂಡಿದ್ದಾರೆ. ಪ್ರವಾದಿಯೂ ಪವಿತ್ರಗ್ರಂಥವೂ ಇದ್ದುದೇ ಧರ್ಮವೆಂದು 1950ರ ದಶಕದ ಆರಂಭದಲ್ಲಿ ಇಂಡೊನೇಷ್ಯಾದ ಧರ್ಮ ಸಚಿವಾಲಯವು ಪಟ್ಟು ಹಿಡಿಯಿತು. ಬಾಲಿಯವರ ಧರ್ಮಕ್ಕೆ ಮನ್ನಣೆ ದೊರೆತುದು 1958ರಲ್ಲಿ, ಅವರ ನಾಯಕರು ಮತ್ತೆ ಮತ್ತೆ ಒತ್ತಾಯಿಸಿದ ಮೇಲೆ.

ಭೂಮಂಡಲದ ಇನ್ನೊಂದು ಮಗ್ಗುಲಿನ ಟ್ರಿನಿಡಾಡಿನ ಕಥೆಯೂ ಇಂತಹುದೇ. 1845ರಿಂದ ಕಬ್ಬಿನ ತೋಟಗಳ ಕರಾರು ಕೂಲಿಗಳಾಗಿ ಅಲ್ಲಿಗೆ ಹೋದವರ ಹಿಂದೂ ವಿವಾಹಗಳಿಗೆ ನೂರು ವರ್ಷ ಕಳೆದರೂ ಕಾಯಿದೆಯ ಮನ್ನಣೆ ಇರಲಿಲ್ಲ. ಸಿವದಾಸ್ ಸಾಧು ಎಂಬ ಶ್ರಮಜೀವಿ ಸಕ್ಕರೆ ಕಂಪನಿಯ ನೆಲದಲ್ಲಿ ಕಟ್ಟಿದ ಗುಡಿಯನ್ನು 1952ರಲ್ಲಿ ಕೆಡವಿ, ಅವರನ್ನು ಸೆರೆಗೆ ತಳ್ಳಲಾಯಿತು. ನೆಲಕ್ಕೆ ಒಡೆಯರಿದ್ದಾರೆ, ಕಡಲಿಗಿಲ್ಲವೆಂದು ಅವರು ಸೈಕಲ್ಲಿನಲ್ಲಿ ಸಾಮಗ್ರಿ ಸಾಗಿಸಿ, ವರ್ಷಾನುಗಟ್ಟಲೆ ಒಬ್ಬರೇ ದುಡಿದು, ಕಡಲ ನೀರಿನಲ್ಲಿಯೇ ಗುಡಿಯನ್ನೆಬ್ಬಿಸಿದರು. ಆಗಮದ ಯಾವ ಪ್ರಮಾಣಕ್ಕೆ ಅದು ಹೊಂದುವುದೆಂದು ಕೇಳುವ ಪಂಡಿತನು ಮೊದಲು ಒಂದು ಬುಟ್ಟಿ ಕಲ್ಲನ್ನಾದರೂ ಹೊತ್ತು ನೋಡಲಿ!

ಅಲ್ಲಿ ಸರ್ಕಾರಗಳು ಹಿಡಿದ ಕೋಲನ್ನೇ ಇಲ್ಲಿ ನಮ್ಮ ಪಂಡಿತರು ಹಿಡಿದಿದ್ದಾರೆ. ಕೆಡವುವ ಬಲವಿಲ್ಲವೆಂಬುದಷ್ಟೇ ಭೇದ. ನಾನಾ ನೆಲದಲ್ಲಿ ನಾನಾ ಬಗೆಯಾಗಿ ಬೇರೂರಿದ್ದರಿಂದಲೇ ಈ ಧರ್ಮವು ರಾಜಾಶ್ರಯವಿಲ್ಲದೆಡೆಯಲ್ಲಿಯೂ ಬದುಕಿತು. ಒಂದೇ ಅಚ್ಚಿಗೆ ಒತ್ತಿದ್ದರೆ ಆ ಕೂಲಿಗಳ ಹಡಗಿನಲ್ಲಿಯೇ ಅದು ಸಾಯುತ್ತಿತ್ತು.

ಭಕ್ತರೇ, ಇಂದು ನಿಮ್ಮ ಮಕ್ಕಳೂ ಪರದೇಶಗಳಲ್ಲಿ ನೆಲೆಸಿದ್ದಾರೆ. ಅವರನ್ನು ಕಾಣಹೋದಾಗ ಅಲ್ಲಿಯ ಗುಡಿಯಲ್ಲಿ ನೀವರಿಯದ ಪೂಜೆ ನಡೆದರೆ ನಗಬೇಡಿರಿ. ಕೈ ಮುಗಿಯಿರಿ, ಅದು ಹೇಗೆ ಬಂದಿತೆಂದು ಕೇಳಿ ತಿಳಿಯಿರಿ.