ಜಾದೂ ಪರ್ಸು: ಗುಟ್ಟು ಹೇಳಬೇಕೆ, ಬೇಡವೆ?



ನಿಮ್ಮ ಶಾಲೆಗೆ ಎಂದಾದರೂ ಜಾದೂಗಾರರು ಬಂದಿದ್ದಾರೆಯೇ? ಜೇಬಿನಿಂದ ಪರ್ಸು ತೆಗೆದು, ಹತ್ತು ರೂಪಾಯಿಯ ನೋಟನ್ನು ಒಳಗಿಟ್ಟು, ಮುಚ್ಚಿ, ‘ಉಫ್’ ಎಂದು ಊದಿ, ಮತ್ತೆ ತೆರೆದಾಗ ಅದು ನೂರರ ನೋಟಾಗಿರುವುದನ್ನು ನೋಡಿದ್ದೀರಾ? ನೋಡಿದ್ದರೆ ನೀವೂ ಚಪ್ಪಾಳೆ ತಟ್ಟಿರುತ್ತೀರಿ. ಚಪ್ಪಾಳೆ ನಿಂತ ಮೇಲೆ ಮನಸ್ಸಿನಲ್ಲಿ ‘ಹೇಗೆ?’ ಎಂಬ ಪ್ರಶ್ನೆಯೂ ಎದ್ದಿರುತ್ತದೆ. ವಿಜ್ಞಾನ ಶುರುವಾಗುವುದು ಆ ಪ್ರಶ್ನೆಯಿಂದಲೇ.

ಅಂಥ ಪರ್ಸು ನನ್ನ ಬಳಿಯೂ ಒಂದಿದೆ. ಶಾಲೆಗಳಲ್ಲಿ ವಿಜ್ಞಾನ ಕಾರ್ಯಕ್ರಮ ನಡೆಸಲು ಅನುಕೂಲವಾಗಲೆಂದು ಕೊಂಡೆ. ಸಾವಿರ ರೂಪಾಯಿಗೆ ಸ್ವಲ್ಪ ಮೇಲಾಯಿತು. ‘ಒಂದೇ ಪರ್ಸು, ಹಲವು ಜಾದೂ’ ಎಂಬುದು ಅದರ ಹೆಗ್ಗಳಿಕೆ. ಒಂದು ವರ್ಷ ಕಾಲ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಾಲೆಗಳಿಗೆ ಅದನ್ನು ಕೊಂಡೊಯ್ದೆ. ಯಾವುದೇ ಉಪಕರಣವನ್ನು ಒಳ್ಳೆಯದು, ಕೆಟ್ಟದ್ದು ಎಂದು ಹೇಳುವ ಮೊದಲು ಬಳಸಿ ನೋಡಬೇಕಲ್ಲವೇ? ಬಳಸಿ ನೋಡಿದ ಮೇಲೆ ನನಗೆ ಅನಿಸಿದ್ದನ್ನು ಇಲ್ಲಿ ಹೇಳುತ್ತೇನೆ.

ಪರ್ಸು ಮಾಡುವ ಮೂರು ಕೆಲಸಗಳು

ಮೊದಲನೆಯ ಕೆಲಸ, ಬೆಂಕಿ. ಪರ್ಸು ತೆರೆದೊಡನೆ ಒಳಗಿನಿಂದ ಜ್ವಾಲೆ ಏಳುತ್ತದೆ, ಮುಚ್ಚಿದೊಡನೆ ಆರುತ್ತದೆ. ಇದರಲ್ಲಿ ಮಂತ್ರವಿಲ್ಲ. ಒಳಗೆ ಇಂಧನದಲ್ಲಿ ನೆನೆಸಿದ ಹತ್ತಿ ಇದೆ. ಸಿಗರೇಟ್ ಲೈಟರಿನಲ್ಲಿ ಇರುವಂಥ ಕಿಡಿಕಲ್ಲು ಮತ್ತು ಚಕ್ರ ಇವೆ. ಉರಿಯಲು ಮೂರು ಬೇಕು: ಇಂಧನ, ಆಮ್ಲಜನಕ, ಸಾಕಷ್ಟು ಶಾಖ. ಪರ್ಸು ಮುಚ್ಚಿದರೆ ಹೊಸ ಗಾಳಿ ಒಳಗೆ ಹೋಗದು, ಬೆಂಕಿ ಆರುತ್ತದೆ. ಉರಿಯುವ ಮೇಣದ ಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿದಾಗ ನೀವು ಕಂಡದ್ದೂ ಇದೇ.

ಪಾಠವೇನೋ ಚೆನ್ನಾಗಿದೆ. ಆದರೆ ಈ ಭಾಗಕ್ಕೆ ನಾನು ಕೊಡುವ ಅಂಕ ಸೊನ್ನೆ. ಇಂಧನದ ವಾಸನೆ ಮೊದಲ ಸಾಲಿನ ಮಕ್ಕಳಿಗೇ ಗುಟ್ಟು ಹೇಳಿಬಿಡುತ್ತದೆ. ಒಂದು ಹನಿ ಹೆಚ್ಚಾದರೆ ಜ್ವಾಲೆ ಬೆರಳಿಗೆ ತಾಗುತ್ತದೆ. ಒಮ್ಮೆ ನನ್ನ ಅಂಗಿಯ ತೋಳು ಕರಗಿ ತೂತಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ನೋಡಿದ ಮಗು ಮನೆಯಲ್ಲಿ ಸೀಮೆಎಣ್ಣೆಯೋ ಪೆಟ್ರೋಲೋ ಹಿಡಿದು ಹಾಗೆಯೇ ಮಾಡಲು ಹೋದರೆ? ಮೂರನೇ ಶಾಲೆಯ ನಂತರ ಆ ಹತ್ತಿಯನ್ನೂ ಕಿಡಿಕಲ್ಲನ್ನೂ ಕಿತ್ತು ಹಾಕಿದೆ. ಬೆಂಕಿಯ ಪಾಠಕ್ಕೆ ಶಿಕ್ಷಕರ ಕೈಯಲ್ಲಿರುವ ಮೇಣದ ಬತ್ತಿ ಸಾಕು.

ಎರಡನೆಯ ಕೆಲಸ, ‘ಮನಸ್ಸನ್ನು ಓದುವುದು’. ನೀವು ಚೀಟಿಯ ಮೇಲೆ ಒಂದು ಹೆಸರು ಬರೆದು ಪರ್ಸಿನೊಳಗೆ ಇಡುತ್ತೀರಿ. ನಾನು ಕಣ್ಣು ಮುಚ್ಚಿ ಯೋಚಿಸುವಂತೆ ನಟಿಸಿ ಹೆಸರು ಹೇಳುತ್ತೇನೆ. ನಿಜ ಸಂಗತಿ ಏನೆಂದರೆ ಪರ್ಸಿನ ಹಿಂಬದಿಯಲ್ಲಿ ಒಂದು ಸಣ್ಣ ಕಿಂಡಿ ಇದೆ. ಬೆಳಕು ನೇರವಾಗಿ ಚಲಿಸುತ್ತದೆ. ಹಾಗಾಗಿ ಕಿಂಡಿಯ ನೇರಕ್ಕೆ ಇರುವ ನನಗೆ ಚೀಟಿ ಕಾಣುತ್ತದೆ, ಎದುರಿಗಿರುವ ನಿಮಗೆ ಕಾಣುವುದಿಲ್ಲ.

ಇದು ಮೇಜಿನ ಆಚೆ ಒಬ್ಬರೇ ಕುಳಿತು ನೋಡುವಾಗ ಚೆನ್ನಾಗಿ ನಡೆಯುತ್ತದೆ. ನಮ್ಮ ಶಾಲೆಗಳಲ್ಲಿ ಮಕ್ಕಳು ಮೂರು ಕಡೆಯೂ ನೆಲದ ಮೇಲೆ ಕುಳಿತಿರುತ್ತಾರೆ. ಅವರ ಕಣ್ಣು ಕೆಳಗಿನಿಂದ ಮೇಲಕ್ಕೆ ನೋಡುತ್ತದೆ. ದೇವನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಪಕ್ಕದ ಸಾಲಿನ ಪುಟ್ಟ ಹುಡುಗಿಯೊಬ್ಬಳು, “ಸಾರ್, ಅಲ್ಲಿ ತೂತೈತೆ!” ಎಂದು ಕೂಗಿದಳು. ಎಲ್ಲರೂ ನಕ್ಕರು. ಆ ಹುಡುಗಿಗೆ ನಾನು ಪೆನ್ನು ಬಹುಮಾನ ಕೊಟ್ಟೆ. ಬೆಳಕಿನ ಪಾಠವನ್ನು ಅವಳೇ ಮಾಡಿ ಮುಗಿಸಿದ್ದಳು. ಈ ಭಾಗಕ್ಕೆ ಹತ್ತಕ್ಕೆ ಐದು ಅಂಕ.

ಮೂರನೆಯ ಕೆಲಸ, ಹತ್ತರ ನೋಟು ನೂರಾಗುವುದು. ಪರ್ಸಿಗೆ ಎರಡು ಬದಿಯಲ್ಲೂ ಕೀಲುಗಳಿವೆ. ಬಾಗಿಲಿಗೆ ಒಂದೇ ಕಡೆ ಕೀಲು ಇರುತ್ತದೆ, ಅಲ್ಲವೇ? ಇದಕ್ಕೆ ಎಡಕ್ಕೂ ಉಂಟು, ಬಲಕ್ಕೂ ಉಂಟು. ಎಡದಿಂದ ತೆರೆದರೆ ಒಂದು ಮುಖ, ಬಲದಿಂದ ತೆರೆದರೆ ಇನ್ನೊಂದು ಮುಖ. ನೂರರ ನೋಟು ಮೊದಲೇ ಇನ್ನೊಂದು ಮುಖದಲ್ಲಿ ಕುಳಿತಿರುತ್ತದೆ. ಅಮೆರಿಕದ ವಾದ್ಯವೃಂದದ ನಾಯಕರೂ ಜಾದೂಗಾರರೂ ಆಗಿದ್ದ ರಿಚರ್ಡ್ ಹಿಂಬರ್ ಅವರ ಹೆಸರಿನಿಂದ ಜಾದೂಗಾರರು ಇದನ್ನು ‘ಹಿಂಬರ್ ಪರ್ಸು’ ಎಂದು ಕರೆಯುತ್ತಾರೆ. ಆದರೆ ಈ ಬಗೆಯ ಕೀಲು ಅವರಿಗಿಂತಲೂ ಹಳೆಯದು. ‘ಯಾಕೋಬನ ಏಣಿ’ ಎಂಬ ಹಲಗೆ ಮತ್ತು ಪಟ್ಟಿಗಳ ಆಟಿಕೆಯಲ್ಲಿ ಇರುವುದೂ ಇದೇ ಕೀಲು.

ಈ ಭಾಗಕ್ಕೆ ನನ್ನ ಅಂಕ ಒಂಬತ್ತು. ಬೆಂಕಿ ಬೇಡ, ಕಿಂಡಿ ಬೇಡ. ಹಿಂದಿನ ಸಾಲಿನವರಿಗೂ ಕಾಣುತ್ತದೆ. ನೂರು ಸಲ ಮಾಡಿದರೂ ಕೆಡಲಿಲ್ಲ. ಉಳಿದ ಒಂದು ಅಂಕವನ್ನು ಏಕೆ ಕಳೆದೆ ಎಂಬುದನ್ನು ಈಗ ಹೇಳಬೇಕು.

ಒಂದು ಪ್ರಶ್ನೆ

ನೆಲಮಂಗಲ ತಾಲ್ಲೂಕಿನ ಒಂದು ಶಾಲೆಯಲ್ಲಿ ಅಂದು ಕಾರ್ಯಕ್ರಮ ತಡವಾಯಿತು. ನೋಟಿನ ಜಾದೂ ತೋರಿಸಿದೆ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಗುಟ್ಟನ್ನು ಹೇಳದೆಯೇ ಚೀಲ ಕಟ್ಟಿದೆ. ಬೈಕಿನ ಹತ್ತಿರ ಬಂದಾಗ ಆರನೇ ತರಗತಿಯ ಹುಡುಗನೊಬ್ಬ ಕಾದು ನಿಂತಿದ್ದ. ಅವನ ಕೈಯಲ್ಲಿ ಮುದುರಿದ ಹತ್ತು ರೂಪಾಯಿ.

“ಸಾರ್, ಇದನ್ನ ನೂರು ಮಾಡ್ಕೊಡ್ತೀರಾ? ಅಪ್ಪನ್ನ ಆಸ್ಪತ್ರೆಗೆ ಸೇರಿಸವ್ರೆ.”

ನನಗೆ ಮಾತೇ ಹೊರಡಲಿಲ್ಲ. ಅವನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಪರ್ಸನ್ನು ಅವನ ಕೈಗೇ ಕೊಟ್ಟೆ. ಎರಡೂ ಕಡೆ ತೆರೆದು ನೋಡಲು ಹೇಳಿದೆ. ನೂರರ ನೋಟು ನನ್ನದೇ, ಬೆಳಿಗ್ಗೆ ಮನೆಯಿಂದ ತಂದದ್ದು ಎಂದು ತಿಳಿಸಿದೆ. ಅವನು ಪರ್ಸನ್ನು ಎರಡು ಮೂರು ಸಲ ತಿರುಗಿಸಿ ನೋಡಿ ಮೆಲ್ಲಗೆ ಕೇಳಿದ: “ಹಂಗಾರೆ ನೀವು ಮೊದ್ಲೇ ಯಾಕ್ ಹೇಳ್ಲಿಲ್ಲ ಸಾರ್?”

ನಾನು ಎಂ.ಎಸ್ಸಿ. ಓದಿದವನು. ಪರೀಕ್ಷೆಗಳಲ್ಲಿ ಎಷ್ಟೋ ಕಷ್ಟದ ಪ್ರಶ್ನೆಗಳನ್ನು ಎದುರಿಸಿದ್ದೇನೆ. ಈ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಅವನ ತಂದೆ ಆಮೇಲೆ ಗುಣವಾಗಿ ಮನೆಗೆ ಬಂದರೆಂದು ಮುಖ್ಯ ಶಿಕ್ಷಕರು ತಿಳಿಸಿದರು. ವೈದ್ಯರಿಂದ ಗುಣವಾದರು, ಜಾದೂವಿನಿಂದಲ್ಲ.

ಅಂದಿನಿಂದ ನನ್ನ ಅಭಿಪ್ರಾಯ ಖಚಿತವಾಗಿದೆ. ವಿಜ್ಞಾನದ ಹೆಸರಿನಲ್ಲಿ ಶಾಲೆಗೆ ಜಾದೂ ತರುವವರು ಗುಟ್ಟನ್ನು ಬಿಡಿಸಿ ಹೇಳಿಯೇ ಹೋಗಬೇಕು. ಸಮಯ ಸಾಲದಿದ್ದರೆ ಜಾದೂವನ್ನೇ ಬಿಡಬೇಕು, ವಿವರಣೆಯನ್ನು ಬಿಡಬಾರದು.

ಜಾದೂಗಾರರ ಮಾತು

ಇದನ್ನು ನನ್ನ ಒಬ್ಬ ಜಾದೂಗಾರ ಸ್ನೇಹಿತರು ಒಪ್ಪಲಿಲ್ಲ. “ಮೇಷ್ಟ್ರೇ, ಗುಟ್ಟೇ ನಮ್ಮ ಅನ್ನ. ನೀವು ಎಲ್ಲ ಶಾಲೆಗಳಲ್ಲೂ ಹೇಳಿಕೊಂಡು ಬಂದರೆ ನಮ್ಮನ್ನು ಕರೆಯುವವರು ಯಾರು?” ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ವೇದಿಕೆಯ ಮೇಲೆ ನಿಂತು ‘ನಾನು ಜಾದೂಗಾರ’ ಎಂದು ಹೇಳಿಕೊಳ್ಳುವವರು ನಮಗೆ ಮೋಸ ಮಾಡುತ್ತಿಲ್ಲ. ಇದು ಕೈಚಳಕ, ಆಟ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿ ಕಲಿತ ಕಲೆ ಅದು. ಆ ಆಟದ ಗುಟ್ಟು ಬಿಚ್ಚಲು ನಾವು ಒತ್ತಾಯಿಸಬಾರದು.

ಆದರೆ ಅದೇ ಪರ್ಸು ಇನ್ನೊಬ್ಬನ ಕೈಗೆ ಸಿಕ್ಕಿತೆಂದು ಇಟ್ಟುಕೊಳ್ಳಿ. ಅವನು ‘ನನಗೆ ಶಕ್ತಿಯಿದೆ, ನಿಮ್ಮ ಹಣವನ್ನು ಎರಡರಷ್ಟು ಮಾಡಿಕೊಡುತ್ತೇನೆ’ ಎನ್ನುತ್ತಾನೆ. ಮೊದಲು ಹತ್ತನ್ನು ನೂರು ಮಾಡಿ ನಂಬಿಸುತ್ತಾನೆ. ಆಮೇಲೆ ಸಾವಿರಗಳನ್ನು ಪಡೆದು ಮಾಯವಾಗುತ್ತಾನೆ. ‘ರೈಸ್ ಪುಲ್ಲಿಂಗ್’ ಎಂಬ ಮೋಸದ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಅಕ್ಕಿ ಕಾಳನ್ನು ಸೆಳೆಯುವ ತಾಮ್ರದ ಚೊಂಬಿಗೆ ಕೋಟಿ ಬೆಲೆ ಎಂದು ಹೇಳಿ ಹಣ ಕೀಳುತ್ತಾರೆ. ಜಾದೂಗಾರನಿಗೂ ವಂಚಕನಿಗೂ ಉಪಕರಣ ಒಂದೇ ಇರಬಹುದು. ಒಬ್ಬನು ಆಟವೆಂದು ಹೇಳುತ್ತಾನೆ, ಇನ್ನೊಬ್ಬನು ನಿಜವೆಂದು ಹೇಳುತ್ತಾನೆ. ವ್ಯತ್ಯಾಸ ಇಷ್ಟೇ, ಆದರೆ ಬಡವರ ಮನೆಗೆ ಇದು ದೊಡ್ಡ ವ್ಯತ್ಯಾಸ.

ನಮ್ಮ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಹುಡುಗನೊಬ್ಬ, ಓದುವ ಆಸೆಯಿಂದ ಬೆಂಗಳೂರಿಗೆ ನಡೆದೇ ಬಂದ. ಭೌತವಿಜ್ಞಾನ ಕಲಿತು ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲನಾದ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ. ಅವರೇ ಡಾ. ಎಚ್. ನರಸಿಂಹಯ್ಯನವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದವರೂ ಅವರೇ. ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿ ರಚಿಸಿದರು. ಪವಾಡ ಮಾಡುತ್ತೇವೆ ಎನ್ನುವವರು ಎಲ್ಲರ ಎದುರು, ಪರೀಕ್ಷೆಯ ನಿಯಮಗಳಿಗೆ ಒಳಪಟ್ಟು ಮಾಡಿ ತೋರಿಸಲಿ ಎಂಬುದು ಅವರ ಕೇಳಿಕೆಯಾಗಿತ್ತು. ಅದೇ 1976ರಲ್ಲಿ ನಮ್ಮ ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳು ಸೇರಿದವು. ವೈಜ್ಞಾನಿಕ ಮನೋಭಾವ ಮತ್ತು ಪ್ರಶ್ನಿಸುವ ಗುಣವನ್ನು ಬೆಳೆಸಿಕೊಳ್ಳುವುದು ಅವುಗಳಲ್ಲೊಂದು. ದೊಡ್ಡಬಳ್ಳಾಪುರದಲ್ಲಿ ಶಿಕ್ಷಕರಾಗಿದ್ದ ಹುಲಿಕಲ್ ನಟರಾಜ್ ಅವರೂ ‘ಪವಾಡ’ಗಳನ್ನು ತಾವೇ ಮಾಡಿ ತೋರಿಸಿ, ನಂತರ ಅವುಗಳ ರಹಸ್ಯ ಬಯಲು ಮಾಡುವ ಕಾರ್ಯಕ್ರಮಗಳಿಂದ ನಾಡಿನಲ್ಲೆಲ್ಲ ಪರಿಚಿತರಾಗಿದ್ದಾರೆ. ತೋರಿಸುವುದು, ನಂತರ ಬಿಡಿಸಿ ಹೇಳುವುದು: ಶಾಲೆಗೆ ತಕ್ಕ ಕ್ರಮ ಇದೇ.

ನೀವೇ ಮಾಡಿ ನೋಡಿ

ಸಾವಿರ ರೂಪಾಯಿಯ ಪರ್ಸು ನಿಮಗೆ ಬೇಡ. ಅದರ ಒಂಬತ್ತು ಅಂಕದ ಕೆಲಸವನ್ನು ಹಳೆಯ ಲಗ್ನಪತ್ರಿಕೆಯಿಂದಲೇ ಮಾಡಬಹುದು.

ಬೇಕಾದದ್ದು: 15 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಎರಡು ರಟ್ಟಿನ ತುಂಡು, 1 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದದ ಮೂರು ರಿಬ್ಬನ್ ಅಥವಾ ಗಟ್ಟಿ ಕಾಗದದ ಪಟ್ಟಿ, ಗೋಂದು.

1. ಒಂದು ರಟ್ಟನ್ನು ಅಡ್ಡಲಾಗಿ ಮೇಜಿನ ಮೇಲಿಡಿ. ಮೇಲಂಚಿನ ಬಳಿ ಒಂದು, ಕೆಳಅಂಚಿನ ಬಳಿ ಒಂದು ಪಟ್ಟಿಯನ್ನು ಎಡದಿಂದ ಬಲಕ್ಕೆ ಹಾಸಿ. ಇವುಗಳ ಎಡ ತುದಿಯನ್ನು ಮಾತ್ರ ರಟ್ಟಿನ ಹಿಂಭಾಗಕ್ಕೆ ಮಡಿಸಿ ಅಂಟಿಸಿ. ಬಲ ತುದಿ ಹೊರಗೆ ಚಾಚಿರಲಿ.

2. ನಡುವೆ ಮೂರನೆಯ ಪಟ್ಟಿಯನ್ನು ಹಾಸಿ. ಇದರ ಬಲ ತುದಿಯನ್ನು ಹಿಂಭಾಗಕ್ಕೆ ಅಂಟಿಸಿ. ಎಡ ತುದಿ ಹೊರಗೆ ಚಾಚಿರಲಿ.

3. ಎರಡನೆಯ ರಟ್ಟನ್ನು ಇದರ ಮೇಲೆ ಸರಿಯಾಗಿ ಕೂರಿಸಿ. ಹೊರಗೆ ಚಾಚಿದ ಮೂರೂ ತುದಿಗಳನ್ನು ಮೇಲಿನ ರಟ್ಟಿನ ಬೆನ್ನಿಗೆ ಮಡಿಸಿ ಅಂಟಿಸಿ. ಎರಡು ರಟ್ಟುಗಳ ನಡುವೆ ಗೋಂದು ಸೋರದಂತೆ ನೋಡಿಕೊಳ್ಳಿ.

ಗೋಂದು ಒಣಗಿದ ಮೇಲೆ ಮೇಲಿನ ರಟ್ಟಿನ ಎಡ ಅಂಚನ್ನು ಎತ್ತಿ ತೆರೆಯಿರಿ. ಕೆಳಗಿನ ರಟ್ಟಿನ ಮೇಲೆ ಎರಡು ಪಟ್ಟಿಗಳು ಕಾಣುತ್ತವೆ. ಅವೆರಡರ ನಡುವಿನ ಜಾಗದಲ್ಲಿ, ಪಟ್ಟಿಗೆ ತಾಗದಂತೆ, ಮಡಿಸಿದ ಕಾಗದದ ಚೀಟಿಯನ್ನು ಸುಮ್ಮನೆ ಇಡಿ. ಮುಚ್ಚಿ. ಈಗ ಬಲ ಅಂಚನ್ನು ಎತ್ತಿ ತೆರೆಯಿರಿ. ಸುಮ್ಮನೆ ಇಟ್ಟ ಚೀಟಿ ಪಟ್ಟಿಯ ಕೆಳಗೆ ಸಿಕ್ಕಿಕೊಂಡಿರುತ್ತದೆ!

ಏಕೆ? ಮೇಲು ಕೆಳಗಿನ ಪಟ್ಟಿಗಳು ಒಂದು ಕಡೆಗೆ, ನಡುವಿನ ಪಟ್ಟಿ ಅದರ ವಿರುದ್ಧ ಕಡೆಗೆ ಅಂಟಿವೆ. ಯಾವ ಅಂಚಿನಿಂದ ತೆರೆಯುತ್ತೀರಿ ಎಂಬುದರ ಮೇಲೆ ಯಾವ ಪಟ್ಟಿ ಯಾವ ರಟ್ಟಿನ ಮೇಲೆ ಮಲಗುತ್ತದೆ ಎಂಬುದು ಬದಲಾಗುತ್ತದೆ. ನಿಧಾನವಾಗಿ ತೆರೆದು ಮುಚ್ಚಿ, ಪಟ್ಟಿಗಳ ಚಲನೆಯನ್ನು ಗಮನಿಸಿ. ನಿಮ್ಮ ನೋಟ್ ಪುಸ್ತಕದಲ್ಲಿ ಚಿತ್ರ ಬರೆಯಿರಿ.

ಇನ್ನೊಂದು ಕೆಲಸ. ಯಾರಾದರೂ ನೋಟು ಬದಲಾಯಿಸಿ ತೋರಿಸಿದರೆ ಮೂರು ಪ್ರಶ್ನೆ ಕೇಳಿ. ಶುರುವಿನಲ್ಲೇ ಪರ್ಸನ್ನು ನಾನು ಎರಡೂ ಕಡೆ ತೆರೆದು ನೋಡಬಹುದೇ? ನೋಟಿನ ಮೇಲಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬಹುದೇ? ಅದು ನೂರಾದ ಮೇಲೆ ಹತ್ತರ ನೋಟು ಎಲ್ಲಿ ಹೋಯಿತು? ಆಟವಾಡುವವರು ನಕ್ಕು, ‘ಆಟ ಮುಗಿಯಲಿ’ ಎನ್ನುತ್ತಾರೆ. ಮೋಸ ಮಾಡುವವರು ಸಿಟ್ಟಾಗುತ್ತಾರೆ. ಸಿಟ್ಟಾದರೆ ಅಲ್ಲಿಂದ ಎದ್ದು ಬನ್ನಿ, ಮನೆಯ ದೊಡ್ಡವರಿಗೆ ತಿಳಿಸಿ.

ನನ್ನ ಪರ್ಸು ಈಗಲೂ ಚೀಲದಲ್ಲಿದೆ. ಬೆಂಕಿಯಿಲ್ಲ, ಕಿಂಡಿಗೆ ರಟ್ಟು ಅಂಟಿಸಿದ್ದೇನೆ. ಕಾರ್ಯಕ್ರಮದ ಕೊನೆಯಲ್ಲಿ ಅದನ್ನು ಮಕ್ಕಳ ಕೈಗೆ ಕೊಡುತ್ತೇನೆ. ಅದು ಸಾಲಿನಿಂದ ಸಾಲಿಗೆ ಹೋಗಿ, ಎಲ್ಲರೂ ತಿರುಗಿಸಿ ನೋಡಿದ ಮೇಲೆ ನನಗೆ ವಾಪಸು ಬರುತ್ತದೆ. ಅದಕ್ಕೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷವನ್ನು ನಾನು ಈಗ ಕಾರ್ಯಕ್ರಮದ ಪಟ್ಟಿಯಲ್ಲಿ ಮೊದಲೇ ಬರೆದಿಟ್ಟುಕೊಳ್ಳುತ್ತೇನೆ.