ಬ್ಯಾಂಕುಗಳ ಗಣಕ ವ್ಯವಸ್ಥೆಯ ಸ್ಥಳಾಂತರ

ಬ್ಯಾಂಕುಗಳ ಗಣಕ ವ್ಯವಸ್ಥೆಯ ಸ್ಥಳಾಂತರ ಎಂದರೆ ಗ್ರಾಹಕರ ಉಳಿತಾಯ, ಠೇವಣಿ, ಸಾಲ ಮತ್ತು ವಹಿವಾಟುಗಳ ದಾಖಲೆಗಳನ್ನು ಒಂದು ಕೋರ್ ಬ್ಯಾಂಕಿಂಗ್ ವ್ಯವಸ್ಥೆಯಿಂದ ಇನ್ನೊಂದಕ್ಕೆ ವರ್ಗಾಯಿಸುವ ಕಾರ್ಯ. ಬ್ಯಾಂಕುಗಳು ವಿಲೀನಗೊಂಡಾಗ ಇದು ಅನಿವಾರ್ಯವಾಗುತ್ತದೆ. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯ ಮತ್ತು ಕರ್ನಾಟಕ ಬ್ಯಾಂಕುಗಳಲ್ಲಿ ಮೂರು 2019–20ರಲ್ಲಿ ಬೇರೆ ಬ್ಯಾಂಕುಗಳೊಂದಿಗೆ ವಿಲೀನವಾದುದರಿಂದ, ಈ ಪ್ರಕ್ರಿಯೆಯ ಪರಿಣಾಮ ಕರಾವಳಿಯ ಪೇಟೆಗಳಿಂದ ಹಿಡಿದು ಸುಳ್ಯ ತಾಲೂಕಿನ ಬೆಳ್ಳಾರೆಯಂತಹ ಒಳನಾಡಿನ ಊರುಗಳವರೆಗೂ ತಲುಪಿತು.

ವಿಲೀನದ ದಿನ ಮತ್ತು ಸ್ಥಳಾಂತರದ ದಿನ

ವಿಜಯ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿಯೂ, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿಯೂ ವಿಲೀನಗೊಂಡವು. ಇವು ಕಾನೂನಿನ ದಿನಾಂಕಗಳು. ಗಣಕ ವ್ಯವಸ್ಥೆಗಳು ಒಂದಾಗುವುದಕ್ಕೆ ಮತ್ತಷ್ಟು ಕಾಲ ಹಿಡಿಯಿತು. ಈ ನಡುವಿನ ಅವಧಿಯಲ್ಲಿ ಬ್ಯಾಂಕಿನ ಹೆಸರು ಒಂದೇ ಆಗಿದ್ದರೂ ಲೆಕ್ಕ ಇರುವುದು ಬೇರೆ ಬೇರೆ ಕಡೆ. ಆದ್ದರಿಂದ ಪಕ್ಕದ ಶಾಖೆಯಲ್ಲಿಯೇ ಕೆಲಸ ಆಗದಿರುವ ಸಂದರ್ಭ ಬರುತ್ತದೆ.

2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ವಿಲೀನಗಳನ್ನು ಘೋಷಿಸುವಾಗ, ಸೇರುತ್ತಿರುವ ಬ್ಯಾಂಕುಗಳು ಒಂದೇ ತಂತ್ರಾಂಶವನ್ನು ಬಳಸುತ್ತಿರುವುದನ್ನು ಅನುಕೂಲದ ಅಂಶವೆಂದು ಎತ್ತಿ ಹೇಳಿತ್ತು. ಈ ವಾದದಲ್ಲಿ ಹುರುಳಿದೆ, ಆದರೆ ಪೂರ್ತಿ ಅಲ್ಲ. ಒಂದೇ ಹೆಸರಿನ ತಂತ್ರಾಂಶವನ್ನೂ ಪ್ರತಿ ಬ್ಯಾಂಕು ತನ್ನ ಸಾಲ ಯೋಜನೆ, ಬಡ್ಡಿ ಲೆಕ್ಕದ ಕ್ರಮ ಮತ್ತು ಶಾಖಾ ಸಂಕೇತಗಳಿಗೆ ತಕ್ಕಂತೆ ವರ್ಷಗಟ್ಟಲೆ ಮಾರ್ಪಡಿಸಿಕೊಂಡಿರುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಲೆಡ್ಜರ್ ಪುಸ್ತಕದಿಂದ ಗಣಕಕ್ಕೆ ಏರಿಸಿದಾಗ ತಪ್ಪಾಗಿ ನಮೂದಾದ ಹೆಸರು ಅಥವಾ ಜನ್ಮದಿನಾಂಕ ಹಳೆಯ ವ್ಯವಸ್ಥೆಯಲ್ಲಿ ಯಾರಿಗೂ ತೊಡಕಾಗದೆ ಇದ್ದು, ಹೊಸದರ ತಪಾಸಣೆಯಲ್ಲಿ ಖಾತೆಯನ್ನು ತಡೆಹಿಡಿಯಬಹುದು.

ಟಿಎಸ್‌ಬಿ ಪ್ರಕರಣ

ಸ್ಥಳಾಂತರ ವಿಫಲವಾದರೆ ಏನಾಗುತ್ತದೆ ಎಂಬುದಕ್ಕೆ ಅತ್ಯಂತ ಹೆಚ್ಚು ಚರ್ಚೆಗೊಳಗಾದ ನಿದರ್ಶನ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನದು. ಸ್ಪೇನಿನ ಸಬಾಡೆಲ್ ಬ್ಯಾಂಕಿನ ಒಡೆತನಕ್ಕೆ ಸೇರಿದ್ದ ಟಿಎಸ್‌ಬಿ, 2018ರ ಏಪ್ರಿಲ್‌ನಲ್ಲಿ ಒಂದೇ ವಾರಾಂತ್ಯದಲ್ಲಿ ಸುಮಾರು 52 ಲಕ್ಷ ಗ್ರಾಹಕರನ್ನು ಲಾಯ್ಡ್ಸ್ ಬ್ಯಾಂಕಿನ ವ್ಯವಸ್ಥೆಯಿಂದ ಹೊಸ ವ್ಯವಸ್ಥೆಗೆ ಸಾಗಿಸಿತು. ದತ್ತಾಂಶ ಸರಿಯಾಗಿಯೇ ತಲುಪಿತ್ತು. ಕುಸಿದದ್ದು ಅದನ್ನು ಹೊರಬೇಕಾಗಿದ್ದ ವ್ಯವಸ್ಥೆ. ಎರಡು ದತ್ತಾಂಶ ಕೇಂದ್ರಗಳ ಪೈಕಿ ಒಂದರ ಮೇಲೆ ಮಾತ್ರ ಹೊರೆ ತಾಳುವ ಶಕ್ತಿಯ ಪರೀಕ್ಷೆ ನಡೆದಿತ್ತು ಎಂದು ನಂತರದ ಸ್ವತಂತ್ರ ತನಿಖೆ ತಿಳಿಸಿತು. ಗ್ರಾಹಕರು ತಮ್ಮ ಖಾತೆಯನ್ನೇ ತೆರೆಯಲಾರದೆ ಹೋದರು, ಬ್ಯಾಂಕಿನ ಮುಖ್ಯ ಕಾರ್ಯನಿರ್ವಾಹಕ ಪಾಲ್ ಪೆಸ್ಟರ್ ಅದೇ ಸೆಪ್ಟೆಂಬರ್‌ನಲ್ಲಿ ಹುದ್ದೆ ತೊರೆದರು, ಸೇವೆ ಪೂರ್ಣವಾಗಿ ಸಹಜ ಸ್ಥಿತಿಗೆ ಬರಲು ಡಿಸೆಂಬರ್ ಆಯಿತು. 2022ರಲ್ಲಿ ನಿಯಂತ್ರಕ ಸಂಸ್ಥೆಗಳು 4.86 ಕೋಟಿ ಪೌಂಡ್ ದಂಡ ವಿಧಿಸಿದವು.

ಇದಕ್ಕೆ ಹೋಲಿಸಿದರೆ ಬ್ಯಾಂಕ್ ಆಫ್ ಬರೋಡಾ ವಿಜಯ ಮತ್ತು ದೇನಾ ಬ್ಯಾಂಕುಗಳ ಶಾಖೆಗಳನ್ನು ಹಂತಹಂತವಾಗಿ ಸೇರಿಸಿಕೊಂಡು 2020ರ ಡಿಸೆಂಬರ್‌ನಲ್ಲಿ ಕೆಲಸ ಮುಗಿಸಿತು. ಹಂತದ ಕ್ರಮ ನಿಧಾನವಾದುದು, ಎರಡು ವ್ಯವಸ್ಥೆಗಳ ಖರ್ಚನ್ನೂ ಹೊರಬೇಕು. ಆದರೆ ಎಡವಿದರೆ ಎಡವುವುದು ಕೆಲವು ಶಾಖೆಗಳಲ್ಲಿ ಮಾತ್ರ.

ಬ್ಯಾಂಕಿನ ಹೊರಗಿರುವ ದಾಖಲೆಗಳು

ಭಾರತದಲ್ಲಿ ಗ್ರಾಹಕರಿಗೆ ಹೆಚ್ಚು ತಟ್ಟಿದ ತೊಂದರೆ ಬೇರೆ ಬಗೆಯದು. ಬ್ಯಾಂಕು ತನ್ನೊಳಗಿನ ದಾಖಲೆಗಳನ್ನು ತಿದ್ದಿಕೊಳ್ಳಬಹುದು, ಆದರೆ ಐಎಫ್‌ಎಸ್‌ಸಿ ಸಂಕೇತವು ಇತರರ ಕಡತಗಳಲ್ಲಿಯೂ ಇರುತ್ತದೆ. ವಿಜಯ ಬ್ಯಾಂಕಿನ ಸಂಕೇತಗಳು 2021ರ ಮಾರ್ಚ್ 1ರಿಂದ ನಿಂತವು. ಸಿಂಡಿಕೇಟ್ ಬ್ಯಾಂಕಿನ ‘ಎಸ್‌ವೈಎನ್‌ಬಿ’ ಸಂಕೇತಗಳು ಆ ವರ್ಷದ ಜೂನ್ 30ರವರೆಗೆ ಚಾಲ್ತಿಯಲ್ಲಿದ್ದು, ಜುಲೈ 1ರಿಂದ ‘ಸಿಎನ್‌ಆರ್‌ಬಿ’ ಆದವು. ಹಳೆಯ ಶಾಖಾ ಸಂಖ್ಯೆಗೆ 10,000 ಕೂಡಿಸಿದರೆ ಹೊಸ ಸಂಖ್ಯೆ ಸಿಗುವಂತೆ ಮಾಡಿದ್ದು ನಿಜಕ್ಕೂ ಜಾಣತನದ ಏರ್ಪಾಡು. ಆದರೂ ಅದನ್ನು ತಿಳಿಸಬೇಕಾದವನು ಗ್ರಾಹಕನೇ: ಪಿಂಚಣಿ ಕಚೇರಿಗೆ, ವಿಮಾ ಕಂಪನಿಗೆ, ಅಡಿಕೆ ಕೊಳ್ಳುವ ವರ್ತಕನಿಗೆ ಅಥವಾ ಕ್ಯಾಂಪ್ಕೊದಂತಹ ಸಂಸ್ಥೆಗೆ, ಊರಿಗೆ ಹಣ ಕಳಿಸುವ ಮಗನಿಗೆ.

ಬೆಳ್ಳಾರೆ, ಸುಳ್ಯ, ಕಡಬ ಭಾಗದ ಕೃಷಿಕರಿಗೆ ಇಲ್ಲಿ ದಿನಾಂಕವೇ ಮುಖ್ಯ. ಅಡಿಕೆ ಮಾರಾಟದ ಹಣ ವಾಣಿಜ್ಯ ಬ್ಯಾಂಕಿನ ಖಾತೆಗೆ ಬರುತ್ತದೆ, ಬೆಳೆ ಸಾಲ ಇರುವುದು ಬಹುಮಟ್ಟಿಗೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ. ರಾಜ್ಯ ಸರ್ಕಾರದ ಶೂನ್ಯ ಬಡ್ಡಿಯ ಸೌಲಭ್ಯ ದೊರೆಯಬೇಕಾದರೆ ಸಾಲ ಗಡುವಿನೊಳಗೆ ಸಂದಾಯವಾಗಬೇಕು. ಹಳೆಯ ಸಂಕೇತಕ್ಕೆ ಕಳಿಸಿದ ಹಣ ಹಿಂದಿರುಗಿ ನಾಲ್ಕು ದಿನ ಕಳೆದರೆ, ನಷ್ಟ ಬ್ಯಾಂಕಿನ ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ, ಕೃಷಿಕನಿಗೆ ಮಾತ್ರ ಬಡ್ಡಿ ಬೀಳುತ್ತದೆ. ಟಿಎಸ್‌ಬಿಯಂತಹ ದೊಡ್ಡ ಕುಸಿತಕ್ಕೆ ತನಿಖೆ, ದಂಡ, ಪರಿಹಾರಗಳಿವೆ; ಚದುರಿದ ಇಂತಹ ಸಣ್ಣ ನಷ್ಟವನ್ನು ಯಾರೂ ಕೂಡಿಸಿ ನೋಡುವುದಿಲ್ಲ.

ಆಧಾರ್ ಆಧಾರಿತ ನೇರ ವರ್ಗಾವಣೆಯಲ್ಲಿ ಐಎಫ್‌ಎಸ್‌ಸಿ ಬೇಕಿಲ್ಲ. ಆದರೆ ಯಾವ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಎಂಬ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿ ಸರಿಯಾಗಿ ತಿದ್ದುಪಡಿಯಾಗದಿದ್ದರೆ ಸಹಾಯಧನವೂ ಅದೇ ರೀತಿ ತಡೆಯಾಗುತ್ತದೆ.

ಗ್ರಾಮೀಣ ಬ್ಯಾಂಕು ಮತ್ತು ಸಹಕಾರ ಸಂಘಗಳು

ಸ್ಥಳಾಂತರಗಳ ಸಾಲು ಮುಗಿದಿಲ್ಲ. ನೇತ್ರಾವತಿ ಗ್ರಾಮೀಣ ಬ್ಯಾಂಕ್ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಧಾರವಾಡ ಕೇಂದ್ರವಾಗಿದ್ದ ಆ ಬ್ಯಾಂಕು, ‘ಒಂದು ರಾಜ್ಯ, ಒಂದು ಗ್ರಾಮೀಣ ಬ್ಯಾಂಕ್’ ನೀತಿಯಂತೆ 2025ರ ಮೇ 1ರಂದು ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. ಹೀಗೆ ಒಂದೇ ಪಾಸ್‌ಬುಕ್ ಇಪ್ಪತ್ತು ವರ್ಷಗಳಲ್ಲಿ ಮೂರು ಬ್ಯಾಂಕುಗಳ ಹೆಸರು ಕಂಡಿತು.

ಸಹಕಾರ ಸಂಘಗಳೂ ಇದೇ ದಾರಿಯಲ್ಲಿವೆ. ಸುಮಾರು 63,000 ಪ್ರಾಥಮಿಕ ಸಂಘಗಳನ್ನು ಸಮಾನ ರಾಷ್ಟ್ರೀಯ ತಂತ್ರಾಂಶಕ್ಕೆ ತರುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಯೋಜನೆಯ ಹೆಸರು ಗಣಕೀಕರಣ ಎಂದಿದ್ದರೂ, ಈಗಾಗಲೇ ಸ್ವಂತ ತಂತ್ರಾಂಶ ಹೊಂದಿರುವ ಸಂಘಗಳಿಗೆ ಇದು ಸ್ಥಳಾಂತರವೇ ಆಗಿದೆ. ಸದಸ್ಯರ ಪಾಲು ಬಂಡವಾಳ, ಸಾಲದ ಶಿಲ್ಕು, ಗೊಬ್ಬರದ ಉದ್ರಿ ಎಲ್ಲವೂ ಹಳೆಯ ಮತ್ತು ಹೊಸ ಲೆಕ್ಕಗಳಲ್ಲಿ ತಾಳೆಯಾಗಬೇಕು. ದೊಡ್ಡ ಬ್ಯಾಂಕಿನಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿರುತ್ತದೆ. ಸಂಘದಲ್ಲಿ ಕೌಂಟರಿನಲ್ಲಿ ಕುಳಿತ ಸಿಬ್ಬಂದಿಯೇ ದಿನದ ವಹಿವಾಟಿನ ನಡುವೆ ಇದನ್ನು ಮಾಡಬೇಕಾಗುತ್ತದೆ.