ಮಗಳ ಎಂ.ಬಿ.ಎ.ಗೆ ಮನೆಯಿಂದಲೇ ತಯಾರಿ

"ನನ್ನ ಮಗಳು ತಿಪಟೂರಿನಲ್ಲಿ ಮೊದಲನೇ ವರ್ಷದ ಬಿ.ಕಾಂ. ಓದುತ್ತಿದ್ದಾಳೆ. ಮುಂದೆ ಬೆಂಗಳೂರಿನ ಐ.ಐ.ಎಂ. ಸೇರ್ತೀನಿ, ಅದಕ್ಕೆ ಈಗಿನಿಂದಲೇ ಪ್ರೊಫೈಲ್ ಕಟ್ಟಬೇಕು ಅಂತಾಳೆ. ಅವರಪ್ಪ, ಡಿಗ್ರಿ ಮುಗೀಲಿ, ಗಂಡು ನೋಡೋಣ ಅಂತಾರೆ. ಈ ಪ್ರೊಫೈಲ್ ಅಂದ್ರೆ ಏನು? ತೋಟದ ಮನೆಯವರಾದ ನಮಗೆ ಅದೆಲ್ಲ ಆಗುವಂಥದೇ?" ಎಂದು ತುರುವೇಕೆರೆ ಕಡೆಯ ಸೋದರಿಯೊಬ್ಬರು ಕೇಳಿದ್ದಾರೆ.

ಖಂಡಿತ ಆಗುತ್ತೆ, ತಾಯೀ. ಬೀಗತನ ಬೆಳೆಸುವಾಗ ನಾವು ಹುಡುಗನ ಸಂಬಳ ಒಂದನ್ನೇ ನೋಡುತ್ತೇವೆಯೇ? ಓದು, ನಡತೆ, ಹೊಣೆ ಹೊರುವ ಗುಣ ಎಲ್ಲವನ್ನೂ ನಾಲ್ಕು ಕಡೆ ವಿಚಾರಿಸುತ್ತೇವೆ. ಎಂ.ಬಿ.ಎ.ಗೆ ಸೇರಿಸಿಕೊಳ್ಳುವವರೂ ಹಾಗೆಯೇ ವಿಚಾರಿಸುತ್ತಾರೆ. ಅದಕ್ಕೇ ಪ್ರೊಫೈಲ್ ಎಂದು ಹೆಸರು.

1973ರಲ್ಲಿ ಆರಂಭವಾದ ಬೆಂಗಳೂರಿನ ಐ.ಐ.ಎಂ. ಸೇರಲು ಮೊದಲು ಕ್ಯಾಟ್ ಪರೀಕ್ಷೆ ಬರೆಯಬೇಕು. ಸಾಮಾನ್ಯವಾಗಿ ನವೆಂಬರ್ ಕೊನೆಯಲ್ಲಿ ನಡೆಯುತ್ತದೆ. ಇಂಗ್ಲಿಷ್, ಅಂಕಿ-ಅಂಶ ಮತ್ತು ತರ್ಕ, ಗಣಿತ ಎಂದು ಮೂರು ಭಾಗ. ಒಂದೊಂದಕ್ಕೆ 40 ನಿಮಿಷ. ಡಿಗ್ರಿಯಲ್ಲಿ ಶೇ. 50 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ ಹಾಗೂ ಅಂಗವಿಕಲರಿಗೆ ಶೇ. 45. ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು. ಆದರೆ ಕ್ಯಾಟ್ ಒಂದರಿಂದಲೇ ಮುಗಿಯಲಿಲ್ಲ. ಹತ್ತನೇ ತರಗತಿ, ಪಿಯುಸಿ, ಡಿಗ್ರಿಯ ಅಂಕಗಳು, ಕೆಲಸದ ಅನುಭವ, ಸಂದರ್ಶನ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಲವು ಐ.ಐ.ಎಂ.ಗಳು ಹೆಣ್ಣುಮಕ್ಕಳಿಗೂ, ಎಂಜಿನಿಯರಿಂಗ್ ಅಲ್ಲದೆ ಬೇರೆ ಓದಿದವರಿಗೂ ಒಂದಿಷ್ಟು ಅಂಕ ಕೊಡುತ್ತವೆ. ನಿಮ್ಮ ಬಿ.ಕಾಂ. ಹುಡುಗಿಗೆ ಇದು ಅನುಕೂಲವೇ.

ಹತ್ತನೇ ತರಗತಿಯ ಅಂಕ ಇನ್ನು ಬದಲಾಗದು. ಡಿಗ್ರಿ ಅಂಕ ಅವಳ ಕೈಯಲ್ಲಿದೆ; ಮೊದಲ ಸೆಮಿಸ್ಟರಿನಿಂದಲೇ ಜೋಪಾನ ಮಾಡಲಿ. ದಿನಾ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆ, ಅರ್ಧ ಗಂಟೆ ಲೆಕ್ಕ. ಸರ್ಕಾರದ 'ಸ್ವಯಂ' ತಾಣದಲ್ಲಿ ಐ.ಐ.ಎಂ. ಬೆಂಗಳೂರಿನವರ ಪಾಠಗಳೇ ಉಚಿತವಾಗಿ ಸಿಗುತ್ತವೆ. ಒಂದೆರಡನ್ನು ಪೂರ್ತಿ ಕಲಿತರೆ ಸಾಕು. ದುಡ್ಡು ಕೊಟ್ಟು ಸರ್ಟಿಫಿಕೇಟ್ ಗುಡ್ಡೆ ಹಾಕಬೇಡಿ. ಸಂದರ್ಶನದಲ್ಲಿ ಎರಡು ಪ್ರಶ್ನೆ ಕೇಳಿದರೆ ಬಣ್ಣ ಬಯಲಾಗುತ್ತೆ.

ಇನ್ನು ನಮ್ಮ ಸೀಮೆಯ ಮಕ್ಕಳಿಗೇ ಸಿಗುವ ಒಂದು ಪಾಠವಿದೆ. ಬಲಿತ ಕಾಯನ್ನು ಇಂದೇ ಮಾರಬೇಕೆ, ಇಲ್ಲಾ ಅಟ್ಟಕ್ಕೆ ಹಾಕಿ ಹೆಚ್ಚು ಕಡಿಮೆ ಒಂದು ವರ್ಷ ಕಾದು ಉಂಡೆ ಕೊಬ್ಬರಿ ಮಾಡಬೇಕೆ? ಕಾದರೆ ದುಡ್ಡು ಅಟ್ಟದ ಮೇಲೇ ಕೂತಿರುತ್ತೆ. ಅಷ್ಟು ದಿನ ಸಾಲದ ಬಡ್ಡಿ ಓಡುತ್ತೆ. ಕೆಲವು ಕಾಯಿ ಕೆಡುತ್ತವೆ. ಬೆಲೆಯೋ, ಯಾರ ಮಾತೂ ಕೇಳದು. 2024ರ ಆರಂಭದಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ, ಪೇಟೆ ಬೆಲೆ ಅದಕ್ಕಿಂತ ಕೆಳಗೆ. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಬಂಡವಾಳ, ದಾಸ್ತಾನು, ನಷ್ಟದ ಭಯ ಎಂದು ಎಂ.ಬಿ.ಎ. ತರಗತಿಯಲ್ಲಿ ಕಲಿಸುವುದೂ ಇಂಥದ್ದನ್ನೇ.

ಆದ್ದರಿಂದ ಈ ಸಲದ ಲೆಕ್ಕದ ಪುಸ್ತಕ ಮಗಳ ಕೈಗೆ ಕೊಡಿ. ಕೀಳುವ ಕೂಲಿ, ಸುಲಿಯುವ ಕೂಲಿ, ಸಾಗಣೆ, ಕೆಟ್ಟ ಕಾಯಿ, ಚಿಪ್ಪು ಮತ್ತು ಸಿಪ್ಪೆ ಮಾರಿದ ಹಣ ಎಲ್ಲವನ್ನೂ ಅವಳೇ ಬರೆಯಲಿ. ಕೊಬ್ಬರಿ ಮಾರುವ ದಿನ ಅಪ್ಪನ ಜೊತೆ ತಿಪಟೂರು ಮಾರುಕಟ್ಟೆಗೂ ಹೋಗಿ ಬರಲಿ. ಇದನ್ನು ಅರ್ಜಿಯಲ್ಲಿ 'ನೌಕರಿ ಅನುಭವ' ಎಂದು ಬರೆಯುವಂತಿಲ್ಲ, ಸುಳ್ಳು ಬೇಡ. ಆದರೆ "ನಿಮ್ಮೂರಿನ ಬಗ್ಗೆ ಹೇಳಮ್ಮ" ಎಂದು ಸಂದರ್ಶನದಲ್ಲಿ ಕೇಳಿದಾಗ, ಮೂರು ವರ್ಷದ ಲೆಕ್ಕ ಬಾಯಲ್ಲಿರುವ ಹುಡುಗಿ ತಡವರಿಸುವುದಿಲ್ಲ.

ಖರ್ಚಿನ ಮಾತು ಮುಚ್ಚಿಡುವಂಥದಲ್ಲ. ಐ.ಐ.ಎಂ. ಬೆಂಗಳೂರಿನ ಎರಡು ವರ್ಷದ ಶುಲ್ಕ 20 ಲಕ್ಷ ರೂಪಾಯಿಗೂ ಮೀರುತ್ತದೆ. ಹಾಗಂತ ತೋಟ ಅಡವಿಡಬೇಕಾಗಿಲ್ಲ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಇಂಥ ಉತ್ತಮ ಸಂಸ್ಥೆಗಳಿಗೆ ಆಧಾರವಿಲ್ಲದೆ, ಜಾಮೀನಿಲ್ಲದೆ ಬ್ಯಾಂಕ್ ಸಾಲ ಸಿಗುತ್ತದೆ. ಸಾಲ ಸಾಲವೇ, ಕೆಲಸ ಸಿಕ್ಕ ಮೇಲೆ ತೀರಿಸಬೇಕು. ಐ.ಐ.ಎಂ. ಸಿಗದಿದ್ದರೆ ಮನಸ್ಸು ಸಣ್ಣ ಮಾಡಬೇಡಿ. ಕೆ.ಇ.ಎ. ನಡೆಸುವ ಪಿಜಿಸಿಇಟಿ ಬರೆದು ನಮ್ಮ ರಾಜ್ಯದ ಕಾಲೇಜುಗಳಲ್ಲಿ ಕಡಿಮೆ ಖರ್ಚಿನಲ್ಲೂ ಎಂ.ಬಿ.ಎ. ಮಾಡಬಹುದು.

ಯಜಮಾನರಿಗೆ ಏನು ಹೇಳುವುದು? ವಾದ ಬೇಡ. "ಡಿಗ್ರಿ ಆದ ಮೇಲೆ ಎರಡು ವರ್ಷ ಟೈಮ್ ಕೊಡಿ. ಅವಳು ಕೆಲಸ ಮಾಡ್ತಾ ಪರೀಕ್ಷೆ ಬರೀಲಿ" ಅನ್ನಿ. ಆ ಕೆಲಸದ ಅನುಭವಕ್ಕೂ ಅಂಕವಿದೆ ಎಂದು ತಿಳಿಸಿ. ಅಟ್ಟದ ಕಾಯಿಗೆ ಒಂದು ವರ್ಷ ಕಾಯುವವರು ನಾವು. ಮಗಳ ಓದಿಗೆ ಎರಡು ವರ್ಷ ಕಾಯಲಾರೆವೇ?